ಇಂದುಮತಿಯವರ ಹೀರುಮಸೂರ

ಡಾಕ್ಟರ್ ರೆಹಾನಾ ಮುಲ್ಲಾ ಬೆರಳ ತುದಿಯ ಮೇಲಿದ್ದ ತೆಳುವಾದ ಮಸೂರವನ್ನು ಇಂದುಮತಿ ಹೊಂಬಳ ಅವರ ಕಣ್ಣಿಗೆ ಮೆಲ್ಲನೆ ಕೂರಿಸಿದರು. ಕೆಂಪಗೆ ಊದಿಕೊಂಡು ಸದಾ ನೀರು ಸುರಿಸುತ್ತಿದ್ದ ಕಣ್ಣು ಅದು. ಇನ್ನೊಂದು ಕಣ್ಣಿಗೂ ಮಸೂರ ಬೀಳುವಷ್ಟರಲ್ಲಿ ಮೊದಲಿನದರ ಉರಿ ತಣ್ಣಗಾಗಿತ್ತು.

"ಕ್ಯಾನ್ಸರಿಗೆ ಕೊಡೋ ಔಷಧ ಕಣ್ಣೀರಿನ್ಯಾಗೂ ಇಳೀತದರಿ. ಅದಕ್ಕ ಈ ಉರಿ. ನಮ್ಮ ಹೀರುಮಸೂರ ಅದನ್ನ ಹೀರಿಕೊಂಡು ಅದರ ನಂಜು ಕೆಡಸ್ತದ. ಒಂದು ವಾರ ಚಿಂತಿ ಇಲ್ಲ."

"ಅಂದ್ರ ಫೈನಲ್ ಆಡಸಬಹುದಲ್ರಿ?"

ಧಾರವಾಡದ ಕಬಡ್ಡಿ ಅಂಗಳಗಳಲ್ಲಿ ಇಂದುಮತಿ ಹೆಸರಾಂತ ಅಂಪೈರ್. ಕರುಳಿನ ಕ್ಯಾನ್ಸರ್ ಎಂದಾಗ ಅವರು ಎದೆಗುಂದಿರಲಿಲ್ಲ, ಕೂದಲು ಉದುರಿದಾಗಲೂ ಅಷ್ಟೇ. ಆದರೆ ಗೆರೆ ಕಾಣದ ಅಂಪೈರ್ ಯಾತಕ್ಕೆ? ಅದೇ ವಾರ ಫೈನಲ್ ಇದ್ದ, ಕ್ಯಾಮೆರಾ ಒಲ್ಲದ ಮಣ್ಣಂಗಳದ ಪಂದ್ಯಾವಳಿಯಲ್ಲಿ ಅವರ ಕಣ್ಣೇ ಕೊನೆಯ ತೀರ್ಪು.

ಮಸೂರ ಹಾಕಿದ ನಾಲ್ಕನೇ ದಿನ ನಡೆದ ಫೈನಲ್ ಸಮಬಲದಲ್ಲಿ ಸಾಗಿ ಕೊನೆಯ ರೇಡ್‌ಗೆ ಬಂದು ನಿಂತಿತ್ತು. ಆಗಲೇ ಇಂದುಮತಿಯವರ ಕಣ್ಣು ಚುರುಗುಟ್ಟಿ ನೀರು ತುಂಬಿತು. ರೇಡರ್ ಬೋನಸ್ ಗೆರೆಯಾಚೆಗೆ ಕಾಲು ಚಾಚಿದಂತಿತ್ತು. "ಬೋನಸ್! ಬೋನಸ್!" ಎಂದು ಜನ ಎದ್ದು ನಿಂತರು. ಹೌದೆಂದರೆ ಹೌದು, ಇಲ್ಲವೆಂದರೆ ಇಲ್ಲ; ಇಂದುಮತಿಯವರನ್ನು ಪ್ರಶ್ನಿಸುವವರು ಯಾರೂ ಇರಲಿಲ್ಲ. ಅವರು ಸೀಟಿ ಊದಿ ಕೈಯೆತ್ತಿದರು.

"ನನಗ ಗೆರಿ ಕಾಣಲಿಲ್ಲ. ಈ ರೇಡ್ ಮತ್ತೊಮ್ಮೆ ಆಗಲಿ. ಬ್ಯಾರೆಯವ್ರು ನೋಡ್ಲಿ."

ಸೀಟಿಯನ್ನು ಸಹ ಅಂಪೈರ್ ಕೈಗಿಟ್ಟು ಹೊರನಡೆದರು. ಮಸೂರದ ಪರೀಕ್ಷೆ ನೋಡಲೆಂದೇ ಬಂದಿದ್ದ ರೆಹಾನಾ ನಾಚಿಕೆಯಿಂದ ಓಡಿಬಂದರು.

"ತಪ್ಪು ನನ್ನದರಿ. ಮಸೂರ ಸೋತದ."

ಪ್ರಯೋಗಾಲಯದಲ್ಲಿ ನೋಡಿದರೆ ಮಸೂರ ಸೋತಿರಲಿಲ್ಲ, ತುಂಬಿ ಹೋಗಿತ್ತು! ಒಂದೆರಡು ದಿನದಲ್ಲೇ ಮೈ ಬಿಡಬೇಕಾದ ಔಷಧ ಇಂದುಮತಿಯವರಲ್ಲಿ ಇನ್ನೂ ಉಳಿದಿತ್ತು. ರಕ್ತ ಪರೀಕ್ಷೆಯೂ ಅದನ್ನೇ ಹೇಳಿತು. ಅವರ ದೇಹ ಔಷಧವನ್ನು ನಿಧಾನವಾಗಿ ಹೊರಹಾಕುತ್ತಿತ್ತು; ಎಲ್ಲರಿಗೂ ಸರಿಹೊಂದುವ ಪ್ರಮಾಣ ಅವರಿಗೆ ವಿಪರೀತವಾಗಿತ್ತು. ಕ್ಯಾನ್ಸರ್ ವೈದ್ಯರು ಪ್ರಮಾಣ ಇಳಿಸಿದರು. ಗೆಡ್ಡೆ ಕರಗುವುದು ನಿಲ್ಲಲಿಲ್ಲ, ಕಣ್ಣು ಮಾತ್ರ ತಿಳಿಯಾಯಿತು. ಮಸೂರ ಬೇಕೇ ಆಗಲಿಲ್ಲ.

ಮುಂದೆ ಆ ಆಸ್ಪತ್ರೆಯಲ್ಲಿ ಹೊಸ ಕ್ಯಾನ್ಸರ್ ರೋಗಿಗಳಿಗೆಲ್ಲ ಮೊದಲು ಔಷಧ ತುಸುವೇ ಕೊಟ್ಟು, ಕಣ್ಣಿಗೆ ಹೀರುಮಸೂರ ಇಟ್ಟು, ಅದು ಎಷ್ಟು ಹೀರಿತೆಂದು ಅಳೆದು, ಅವರವರ ಮೈಗೆ ತಕ್ಕ ಪ್ರಮಾಣ ಗೊತ್ತುಮಾಡುವುದು ರೂಢಿಯಾಯಿತು. ಉರಿಗಣ್ಣಿನವರು ಅಪರೂಪವಾದರು. ಮಸೂರದಲ್ಲಿ ನಂಜು ಕೆಡಿಸಲೆಂದು ರೆಹಾನಾ ವರ್ಷಗಟ್ಟಲೆ ಕೂತು ರೂಪಿಸಿದ ರಸಾಯನ ಕಪಾಟಿನಲ್ಲೇ ಉಳಿಯಿತು.

ತಪಾಸಣೆಗೆ ಬಂದ ಇಂದುಮತಿಯವರ ಮುಂದೆ ರೆಹಾನಾ ನಕ್ಕರು. "ಉರಿಗಣ್ಣು ವಾಸಿ ಮಾಡಬೇಕಂತ ಅರ್ಧ ಆಯುಷ್ಯ ಕಳದೆ. ಈಗ ಉರಿಗಣ್ಣೇ ಸಿಗವಲ್ದು ನೋಡ್ರಿ."

"ಮತ್ತೇನ್ ಬೇಕ್ರೀ ಡಾಕ್ಟರ?"

"ಏನೂ ಬ್ಯಾಡ್ರಿ," ಎಂದು ರೆಹಾನಾ ಮುಂದಿನವರನ್ನು ಒಳಗೆ ಕರೆದರು.