ನೀಲಿ ಟೇಪಿನ ಜಾಡಿ

ಗೇಟಿನ ಪಕ್ಕದ ತಗಡಿನ ಕೋಣೆಯಲ್ಲಿ ಕಾವಲುಗಾರ ಚಿಕ್ಕಪ್ಪ ಫೋನನ್ನು ಮೇಜಿನ ಮೇಲಿಟ್ಟು ಇಬ್ಬರಿಗೂ ಕಾಣುವಂತೆ ತಿರುಗಿಸಿದರು. ಬೆಟ್ಟದ ಮೇಲಿನ ಕ್ಯಾಮೆರಾ ಹಿಂದಿನ ದಿನ ತೆಗೆದ ಚಿತ್ರ. ತಾಯಿ ಕರಡಿ, ಅದರ ಹಿಂದೆ ಮರಿ. ಮರಿಯ ತಲೆ ಪೂರ್ತಿ ಒಂದು ಪ್ಲಾಸ್ಟಿಕ್ ಜಾಡಿಯೊಳಗೆ ಸಿಕ್ಕಿಕೊಂಡಿತ್ತು.

"ನೀರಿಲ್ಲ, ಹಾಲಿಲ್ಲ. ಇವತ್ತು ಬಿಡಿಸಿದ್ರೆ ಬದುಕುತ್ತೆ, ನಾಳೆಗೆ ಉಳಿಯಲ್ಲ," ಎಂದರು ಪ್ರಾಣಿಗಳ ಡಾಕ್ಟರಮ್ಮ.

ಮೂರನೆಯವಳು ಗೈಡ್, ಚಿಕ್ಕಪ್ಪನ ಅಣ್ಣನ ಮಗಳು. ಬಂಡೆ ಹತ್ತುವುದರಲ್ಲಿ ಎತ್ತಿದ ಕೈ ಎಂದು ಎಲ್ಲರೂ ಅವಳನ್ನು ಮೇಕೆ ಎಂದೇ ಕರೆಯುತ್ತಿದ್ದರು. ಅವಳ ಕಣ್ಣು ಜಾಡಿಯ ಕತ್ತಿಗೆ ಸುತ್ತಿದ್ದ ನೀಲಿ ಟೇಪನ್ನು ಬಿಟ್ಟು ಕದಲಲಿಲ್ಲ. ಆ ಜಾಡಿ ಅವಳದು. ಹೋದ ವಾರ ಮಂಡಿ ನೋಯುತ್ತಿತ್ತು. ಉಳಿದ ಕಡಲೆಕಾಯಿಯನ್ನು ಮತ್ತೆ ಯಾಕೆ ಹೊತ್ತು ಇಳಿಯಲಿ, ಮುಂದಿನ ಸಲಕ್ಕಾಯಿತು ಎಂದು ಜಾಡಿಯನ್ನು ಮೇಲೆಯೇ ಕಲ್ಲುಗಳಡಿ ಬಚ್ಚಿಟ್ಟು ಬಂದಿದ್ದಳು. ಇಳಿದು ಬಂದವರನ್ನೆಲ್ಲ ಚಿಕ್ಕಪ್ಪ ಗೇಟಿನಲ್ಲಿ ನಿಲ್ಲಿಸಿ ಒಂದೇ ಪ್ರಶ್ನೆ ಕೇಳುತ್ತಾರೆ: "ಮೇಲೆ ಏನಾದ್ರೂ ಬಿಟ್ಟು ಬಂದ್ರಾ?" ಅವಳನ್ನೂ ಕೇಳಿದ್ದರು. ಇಲ್ಲ ಎಂದಿದ್ದಳು. ಇವಳನ್ನು ನಂಬಬಹುದು ಎಂದು ಕಚೇರಿಯಲ್ಲಿ ಹೇಳಿ ಗೈಡ್ ಬಿಲ್ಲೆ ಕೊಡಿಸಿದವರೂ ಅವರೇ.

"ಹೊರಡೋಣ," ಎಂದಳು ಮೇಕೆ.

ಮೊದಲ ಒಂದು ಗಂಟೆ ದಾರಿ ಮರಗಳ ನಡುವೆ ಬಳುಕುತ್ತ ಏರಿತು. ನೆಲದ ತುಂಬ ಒದ್ದೆ ಎಲೆ. ಆಮೇಲೆ ಮರಗಳು ಕುಳ್ಳಾಗುತ್ತ ಹೋಗಿ ಬರೀ ಹುಲ್ಲು, ಬಂಡೆ, ಆಕಾಶ ಉಳಿದವು. ಎಡಕ್ಕೆ ಪ್ರಪಾತ. ಕೆಳಗಿನಿಂದ ಮಂಜು ಮೆಲ್ಲಗೆ ಮೇಲೇರುತ್ತಿತ್ತು. ಬೇರೆ ದಿನವಾಗಿದ್ದರೆ ಮೇಕೆ ಇಲ್ಲಿ ನಿಂತು, ಬಂದವರಿಗೆ ಕಣಿವೆ ತೋರಿಸಿ ಜಂಬ ಕೊಚ್ಚಿಕೊಳ್ಳುತ್ತಿದ್ದಳು. ಇಂದು ತಲೆ ತಗ್ಗಿಸಿ ನಡೆದಳು.

"ಯಾರೋ ತಲೆಕೆಟ್ಟೋರು ಬಿಟ್ಟು ಹೋಗಿದಾರೆ," ಎಂದರು ಡಾಕ್ಟರಮ್ಮ ಏದುಸಿರು ಬಿಡುತ್ತ.

"ಯಾರಿರಬಹುದು ಮೇಕೆ?" ಚಿಕ್ಕಪ್ಪ ತಿರುಗದೆಯೇ ಕೇಳಿದರು.

"ನಂಗೇನು ಗೊತ್ತು ಚಿಕ್ಕಪ್ಪ?"

"ಹೂಂ," ಎಂದು ಅವರು ನಡೆದರು.

ಸುಳ್ಳಿಗೆ ಇನ್ನೊಂದು ಸುಳ್ಳು ಸೇರಿತು. ಸಂಕಟಕ್ಕೆ ಅವಳ ಕಾಲು ಚುರುಕಾಯಿತು. ಮುಂದಿನ ತಿರುವಿನಲ್ಲಿ ದಾರಿ ಬಿಟ್ಟು ಹುಲ್ಲಿನೊಳಗೆ ನೇರ ಮೇಲಕ್ಕೆ ನುಗ್ಗಿದಳು.

"ಏಯ್! ವಾಪಸ್ ಬಾ!"

"ಅರ್ಧ ಗಂಟೆ ಉಳಿಯುತ್ತೆ ಚಿಕ್ಕಪ್ಪ!"

"ಆ ಹುಲ್ಲಲ್ಲಿ ನೆಲದ ಮೇಲೇ ಹಕ್ಕಿಗೂಡಿವೆ. ಒಂದು ಮರಿ ಉಳಿಸೋಕೆ ಹೋಗಿ ಹತ್ತು ಮರಿ ತುಳೀತೀಯಾ?"

ಮೇಕೆ ತನ್ನ ಹೆಜ್ಜೆಗುರುತಿನ ಮೇಲೇ ಕಾಲಿಡುತ್ತ ಹಿಂದೆ ಬಂದಳು. ಈ ಮಾತನ್ನು ಅವಳೇ ಎಷ್ಟು ಜನರಿಗೆ ಹೇಳಿದ್ದಳೋ!

ಮಧ್ಯಾಹ್ನದ ಹೊತ್ತಿಗೆ ತಾಯಿ ಕರಡಿ ಇಳಿಜಾರಿನಲ್ಲಿ ಕಂಡಿತು. ಮರಿ ಹಿಂದೆ ತೂರಾಡುತ್ತಿತ್ತು. ಡಾಕ್ಟರಮ್ಮ ಸೂಜಿ ಬಂದೂಕು ಎತ್ತಿ, ಮತ್ತೆ ಇಳಿಸಿದರು.

"ಇಲ್ಲಿ ಬೇಡ. ಮಂಪರು ಹತ್ತಿದ್ರೆ ಪ್ರಪಾತಕ್ಕೆ ಉರುಳುತ್ತೆ."

"ಊಟೆಯ ಹತ್ರ ಸಮ ನೆಲ ಇದೆ," ಎಂದಳು ಮೇಕೆ. "ನೀರಿಗೆ ಬಂದೇ ಬರ್ತವೆ. ಗಾಳಿ ನಮ್ಮ ಕಡೆಗೇ ಬೀಸ್ತಿದೆ, ವಾಸನೆ ಹೋಗಲ್ಲ."

ನೆಲದಿಂದ ನೀರು ಜಿನುಗುವ ಆ ಜಾಗದ ಹತ್ತಿರ, ಬಂಡೆಯ ಹಿಂದೆ ಮೂವರೂ ಉಸಿರು ಬಿಗಿಹಿಡಿದು ಕೂತರು. ಕರಡಿ ಬಂದು ನೀರು ಕುಡಿಯಿತು. ಮರಿಯೂ ತಲೆ ಬಗ್ಗಿಸಿತು. ಜಾಡಿ ಕಲ್ಲಿಗೆ ಬಡಿಯಿತು. ಟಕ್. ಮತ್ತೆ ಟಕ್. ನೀರು ಒಂದು ಗೇಣು ದೂರ, ಬಾಯಿಗೆ ಮಾತ್ರ ಸಿಗದು. ಮೇಕೆಗೆ ತಡೆಯಲಾಗಲಿಲ್ಲ, ಅಳು ಬಂತು.

ಸೂಜಿ ಹಾರಿತು.

ತಾಯಿ ಗುಟುರು ಹಾಕಿ ನಲವತ್ತು ಹೆಜ್ಜೆ ಓಡಿತು. ಓಲಾಡಿತು. ಮಲಗಿತು.

"ಹತ್ತು ನಿಮಿಷ. ಹೆಚ್ಚಿಲ್ಲ!" ಎಂದರು ಡಾಕ್ಟರಮ್ಮ.

ಮೇಕೆ ಕಂಬಳಿ ಹಿಡಿದು ನುಗ್ಗಿದಳು. ಕುರುಡಾಗಿ ಓಡಿದ ಮರಿ ಅವಳ ಕಾಲಿಗೇ ಬಂದು ಬಡಿಯಿತು. ಕಂಬಳಿ ಮುಚ್ಚಿ ಅವುಚಿಕೊಂಡಳು. ಉಗುರು ಅವಳ ಮಣಿಕಟ್ಟನ್ನು ಸೀಳಿತು.

"ಬಿಡಬೇಡ!"

"ಬಿಡಲ್ಲ, ನೀವು ಕತ್ತರಿಸಿ!"

ಕತ್ತರಿ ಪ್ಲಾಸ್ಟಿಕ್ಕನ್ನು ಕಚ್ಚಿತು, ಜಾರಿತು. ಟೇಪಿದ್ದ ಕಡೆ ಏನು ಮಾಡಿದರೂ ಸೀಳಲೊಲ್ಲದು.

"ತಾಯಿ ತಲೆ ಎತ್ತಿದೆ," ಎಂದರು ಚಿಕ್ಕಪ್ಪ ಮೆಲ್ಲಗೆ.

ಟೇಪು ಹರಿಯಿತು. ಜಾಡಿ ಬಾಯಿ ಬಿಟ್ಟಿತು. ಕಂಬಳಿಯಡಿಯಿಂದ ಮರಿ ನುಸುಳಿ ಹೊರಬಂತು.

"ಓಡಬೇಡಿ. ಹಿಂದ್ಹಿಂದಕ್ಕೆ ಬನ್ನಿ. ನಿಧಾನ."

ಒಡೆದ ಜಾಡಿ, ಅದರ ಚೂರು, ಟೇಪಿನ ತುಂಡು ಎಲ್ಲವನ್ನೂ ಕಂಬಳಿಯಲ್ಲಿ ಬಾಚಿಕೊಂಡು ಮೇಕೆ ಹಿಂದೆ ಸರಿದಳು. ಬಂಡೆಯ ಮರೆಯಿಂದ ನೋಡಿದರು. ಮರಿ ಊಟೆಯಲ್ಲಿ ಮೂತಿ ಅದ್ದಿ ಕುಡಿಯುತ್ತಿತ್ತು, ನಿಲ್ಲಿಸುವ ಮಾತೇ ಇಲ್ಲ. ಬಹಳ ಹೊತ್ತಿನ ಮೇಲೆ ತಾಯಿ ಎದ್ದಿತು. ಎರಡೂ ಮಂಜಿನೊಳಗೆ ನಡೆದವು.

"ನಿಶ್ಶಕ್ತಿ ಇದೆ. ಉಳಿಯುತ್ತೆ ಅನ್ಸುತ್ತೆ, ಆಣೆ ಮಾಡಿ ಹೇಳಕ್ಕಾಗಲ್ಲ," ಎಂದರು ಡಾಕ್ಟರಮ್ಮ.

ಇಳಿಯುವಾಗ ಹೆಜ್ಜೆ ಹೆಜ್ಜೆಗೂ ಮಂಡಿ ಚುಚ್ಚಿತು. ಗೇಟು ತಲುಪಿದಾಗ ಇನ್ನೂ ಬೆಳಕಿತ್ತು. ಚಿಕ್ಕಪ್ಪ ಮುಂದೆ ಹೋಗಿ, ಎಂದಿನಂತೆ ಅಡ್ಡ ನಿಂತರು.

"ಮೇಲೆ ಏನಾದ್ರೂ ಬಿಟ್ಟು ಬಂದ್ರಾ?"

"ನನ್ನ ಪ್ರಾಣಾನ ಅರ್ಧ ಬಿಟ್ಟು ಬಂದೆ," ಎಂದು ಡಾಕ್ಟರಮ್ಮ ನಕ್ಕು ಒಳಗೆ ನಡೆದರು.

ಮೇಕೆ ನಗಲಿಲ್ಲ. "ಹೋದ ವಾರ ಬಿಟ್ಟಿದ್ದೆ ಚಿಕ್ಕಪ್ಪ. ಈ ಜಾಡಿ ನಂದು. ನಿಮ್ಗೆ ಸುಳ್ಳು ಹೇಳ್ದೆ. ಇವತ್ತೂ ಹೇಳ್ದೆ."

"ಗೊತ್ತು. ಜಾಡಿ ಬಿರುಕು ಬಿಟ್ಟಾಗ ಟೇಪು ಸುತ್ತಿ ಕೊಟ್ಟಿದ್ದು ನಾನೇ ಅಲ್ವಾ?"

"ಮತ್ತೆ ಬೆಳಿಗ್ಗೇನೇ ಯಾಕೆ ಬೈಲಿಲ್ಲ?"

"ಬೈದಿದ್ರೆ ನೀನು ಅಳ್ತಾ ಕೂರ್ತಿದ್ದೆ. ದಾರಿ ಯಾರು ತೋರಿಸ್ತಿದ್ರು?" ಅವರು ಕೈ ಚಾಚಿದರು. "ಬಿಲ್ಲೆ ಕೊಡು."

ಮೇಕೆ ಅಂಗಿಯಿಂದ ಬಿಲ್ಲೆ ಬಿಚ್ಚಿ ಕೊಟ್ಟಳು. ಅವರು ಅದನ್ನು ಮೇಜಿನ ಖಾನೆಯೊಳಗಿಟ್ಟು ಬೀಗ ಹಾಕಿದರು. ಆಮೇಲೆ ಚೊಂಬಿನಲ್ಲಿ ನೀರು ತಂದು, ಅವಳ ಮಣಿಕಟ್ಟಿನ ಗಾಯವನ್ನು ತಾವೇ ತೊಳೆಯತೊಡಗಿದರು.

"ಮರಿ ನೀರು ಕುಡೀತಲ್ಲ ಚಿಕ್ಕಪ್ಪ?"

"ಕುಡೀತು ಕಣೇ," ಎಂದರು. "ಹೊಟ್ಟೆ ತುಂಬಾ ಕುಡೀತು."