ಹಿಂಬದಿಯ ಭಾರ

ಕಾರಿನ ಹಿಂದೆ ಕಟ್ಟಿ ಎಳೆಯುವ ಕ್ಯಾರವಾನಿನ ಬಾಗಿಲು ತೆಗೆದ ಮಮತ ದುಪಟ್ಟಾದಿಂದ ಮೂಗು ಮುಚ್ಚಿಕೊಂಡಳು. ಕೊಳೆತ ಈರುಳ್ಳಿ, ಮುಗ್ಗಿದ ಹಾಸಿಗೆ, ಸಾಲದ್ದಕ್ಕೆ ತುಂಬಿ ನಿಂತ ಟಾಯ್ಲೆಟ್ ಟ್ಯಾಂಕಿನ ನಾತ.

"ಥೂ! ಇದ್ರಲ್ಲಿ ನಿಮ್ಮಮ್ಮನ್ನ ಮಲಗಿಸ್ತೀರಾ?"

"ಸೆಕೆಂಡ್ ಹ್ಯಾಂಡ್ ರೀ. ಮಾರಿದೋರು ಕ್ಲೀನ್ ಮಾಡಿಲ್ಲ. ನೀವೇ ಮಾಡಿಸ್ಬಿಡಿ," ಎಂದ ಅಮರ್. ಸೆಂಟು ಹಾಕಿದ ಕರ್ಚೀಫು ಹಿಡಿದು ದೂರ ನಿಂತಿದ್ದ.

ದೊಡ್ಡಬಳ್ಳಾಪುರ ರಸ್ತೆಯಲ್ಲಿ ಟ್ರೇಲರ್ ಗ್ಯಾರೇಜ್ ನಡೆಸುವ ಮಮತಳಿಗೆ ಗ್ರೀಸು, ಮಸಿ ಅಸಹ್ಯವಲ್ಲ. ತಮ್ಮ ಗಲೀಜನ್ನು ಇನ್ನೊಬ್ಬರ ಕೈಯಲ್ಲಿ ತೆಗೆಸುವವರು ಅಸಹ್ಯ. ಎರಡು ವಾರದಿಂದ ಇವನು ಕ್ಯಾರವಾನ್ ಸಿಕ್ಕಿಸುವ ಹುಕ್ ನೋಡಿ, ಲೈಟ್ ನೋಡಿ ಎಂದು ಬರುತ್ತಿದ್ದ. ಹುಕ್ಕಿಗಿಂತ ಅವಳನ್ನೇ ಹೆಚ್ಚು ನೋಡುತ್ತಿದ್ದ. ಆ ನೋಟ ಇಷ್ಟವಾಗಿದ್ದಕ್ಕೆ ಈಗ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಹಿಂಬದಿಯಲ್ಲಿ ನೀರಿನ ಡ್ರಮ್, ಅಕ್ಕಿಮೂಟೆ, ಬ್ಯಾಟರಿ ಒಟ್ಟಿದ್ದವು.

"ಭಾರ ಎಲ್ಲಾ ಹಿಂದಿದೆಯಲ್ರೀ! ಚಕ್ರದ ಮೇಲೆ, ಒಂಚೂರು ಮುಂದಕ್ಕಿರ್ಬೇಕು. ಇಲ್ಲಾಂದ್ರೆ ಓಲಾಡುತ್ತೆ."

"ಅಣ್ಣನ ಎಸ್‌ಯುವಿ ದೊಡ್ಡದು, ಎಳೆಯುತ್ತೆ ಬಿಡಿ. ಒಂದು ರೌಂಡ್ ಬನ್ನಿ, ತೋರಿಸ್ತೀನಿ."

ಬೇಡವೆಂದರೆ ಒಬ್ಬನೇ ಹೊರಡುತ್ತಾನೆ. ನಾಳೆ ಪ್ರವಾಸ ಹೊರಟಾಗ ಪಕ್ಕದ ಸೀಟಿನಲ್ಲಿ ಅವನ ತಾಯಿ ಸಪ್ಪಲಮ್ಮ ಕೂರುತ್ತಾರೆ. ಮಮತ ಎಸ್‌ಯುವಿಗೂ ಕ್ಯಾರವಾನಿಗೂ ಸೇಫ್ಟಿ ಚೈನ್ ಸಿಕ್ಕಿಸಿ, ಮುಖ ಗಂಟಿಕ್ಕಿಕೊಂಡೇ ಹತ್ತಿದಳು.

ಹತ್ತಿರದ ಮಧುರೆ ಹಳ್ಳಿ ಕಡೆಯ ಇಳಿಜಾರಿನಲ್ಲಿ ಸ್ಪೀಡಿನ ಮುಳ್ಳು ಎಪ್ಪತ್ತು ದಾಟಿತು. ಕ್ಯಾರವಾನ್ ಎಡಕ್ಕೂ ಬಲಕ್ಕೂ ತೂಗಿ ಎಸ್‌ಯುವಿಯನ್ನೇ ಜಗ್ಗತೊಡಗಿತು. ಎದುರಿಗೆ ಬಸ್ಸು. ಅಮರನ ಕಾಲು ಬ್ರೇಕಿಗೆ ಹೋಯಿತು.

"ಬ್ರೇಕ್ ಒತ್ಬೇಡಿ! ಆಕ್ಸಿಲರೇಟರ್ ಬಿಡಿ! ಸ್ಟೇರಿಂಗ್ ನೇರ ಹಿಡ್ಕೊಳಿ, ಅಷ್ಟೇ!"

ಅವನು ಹಾಗೇ ಮಾಡಿದ. ವೇಗ ಇಳಿಯಿತು, ಓಲಾಟ ನಿಂತಿತು. ಬಸ್ಸು ಗೇಣಿನ ಅಂತರದಲ್ಲಿ ದಾಟಿಹೋಯಿತು.

ಗಾಡಿ ನಿಲ್ಲಿಸಿ ಇಳಿದವನು, ಬಳಿಗೆ ಬಂದ ಅವಳ ಶೂ ಮೇಲೆಯೇ ವಾಂತಿ ಮಾಡಿಕೊಂಡ.

"ಛೀ!" ಎಂದಳು. ಆದರೂ ಕೈ ಅವನ ಹಣೆ ಹಿಡಿದಿತ್ತು.

"ಸಾರಿ... ನಿಮ್ಗೇನಾದ್ರೂ ಆಗಿದ್ರೆ? ನನ್ ಮೇಲೆ ನಂಗೇ ಅಸಹ್ಯ ಆಗ್ತಿದೆ."

"ಆಗ್ಬೇಕು. ಅಮ್ಮ ಕೂತಿದ್ರೂ ಹಿಂಗೇ ಆಗ್ತಿತ್ತು."

"ಹುಕ್ಕು, ಲೈಟು ಎಲ್ಲಾ ಸರಿಯಿತ್ತು ಕಣ್ರೀ. ನಿಮ್ಮನ್ನ ನೋಡೋಕೇ ಬರ್ತಿದ್ದೆ."

"ಗೊತ್ತಿತ್ತು. ಮೊದ್ಲು ಬಾಯಿ ತೊಳ್ಕೊಳಿ."

ಇಬ್ಬರೂ ಅಲ್ಲೇ ಡ್ರಮ್ ಖಾಲಿ ಮಾಡಿ, ಸಾಮಾನನ್ನು ಚಕ್ರದ ಮೇಲಕ್ಕೆ ಸರಿಸಿ, ನಿಧಾನವಾಗಿ ವಾಪಸು ಬಂದರು.

ಗ್ಯಾರೇಜಿನಲ್ಲಿ ಅಮರ್ ಯಾರನ್ನೂ ಕರೆಯಲಿಲ್ಲ. ತಾನೇ ಟಾಯ್ಲೆಟ್ ಟ್ಯಾಂಕು ಹೊರಗೆಳೆದು, ಹಿಂದಿನ ಕಕ್ಕಸಿಗೆ ಹೊತ್ತೊಯ್ದು ಸುರಿದ. ಅಂಗಿಗೆ ಸಿಡಿಯಿತು. ಓಕರಿಸಿದ, ಕಣ್ಣಲ್ಲಿ ನೀರು ಬಂತು, ಆದರೂ ಮೂರು ಸಲ ತೊಳೆದ. ಅವಳು ನೋಡುತ್ತಿದ್ದಾಳೋ ಇಲ್ಲವೋ ಎಂದು ಒಮ್ಮೆಯೂ ತಿರುಗಲಿಲ್ಲ.

ಮಮತ ಬಕೆಟ್ಟು, ಸೋಪು ತಂದಳು.

"ಅಮ್ಮನ್ನ ಹುಷಾರಾಗಿ ಕರ್ಕೊಂಡ್ ಹೋಗ್ಬನ್ನಿ. ಅರವತ್ತು ದಾಟ್ಬೇಡಿ."

"ಆಮೇಲೆ?"

"ಆಮೇಲೆ ಅಮ್ಮನ ಜೊತೆ ನಮ್ಮನೆಗೆ ಬನ್ನಿ. ಅಪ್ಪನ ಹತ್ರ ಮಾತಾಡ್ಬೇಕಲ್ಲ."

ಅವನು ಬೆರಗಾಗಿ ನೋಡಿದ. ಅವಳು ಅವನ ಅಂಗೈ ತನ್ನ ಕೈಯೊಳಗೆ ತೆಗೆದುಕೊಂಡು ಸೋಪು ಉಜ್ಜಿದಳು. ನಾತ ಇನ್ನೂ ಹೋಗಿರಲಿಲ್ಲ. ಮಮತ ಆ ಕೈ ಬಿಡಲಿಲ್ಲ.