ಏಳನೆಯ ಪುಟದ ಕೆಂಪು ಬೆಕ್ಕು

ವೇಲ್ಸ್‌ನ ಬ್ಯಾರಿ ಎಂಬ ಊರಿನ ಗ್ರಂಥಾಲಯದ ಮೇಜಿನ ಮೇಲೆ ನೆರಿಸ್ ಆ ಕಾಮಿಕ್ಸ್ ಪುಸ್ತಕವನ್ನು ಕುಕ್ಕಿದಳು.

“ಏಳನೇ ಪುಟದಲ್ಲಿ ತಪ್ಪು ಹುಡುಕಿದ ಮಹಾನುಭಾವರು ನೀವೇನಾ?”

ಮೇಜಿನ ಆಚೆಗಿದ್ದ ಎಮ್ಲಿನ್ ತಲೆಯೆತ್ತಿದ. ಪುಸ್ತಕದತ್ತ ಚಾಚಿದ ಕೈ ಅರ್ಧದಲ್ಲೇ ನಿಂತಿತು.

“ಇದು... ಟೀವಿಯಲ್ಲಿ ಕಾಲಯಾತ್ರಿ ಓದಿದ ಪ್ರತಿಯಾ?”

“ಅದೇ. ಮಾಡಿದವಳು ನಾನು. ನನ್ನ ಕೆಲಸಕ್ಕೆ ಕುತ್ತು ತಂದವರು ನೀವು.”

ಕಾರ್ಡಿಫ್‌ನಲ್ಲಿ ತಯಾರಾಗುವ ಆ ಧಾರಾವಾಹಿಯ ಕಾಲಯಾತ್ರಿ ಯಾವ ಶತಮಾನದಲ್ಲಿ ಇಳಿದರೂ ಅವನ ಕೈಯಲ್ಲೊಂದು ಪುಸ್ತಕ ಇರುತ್ತಿತ್ತು. ಅವನ್ನೆಲ್ಲ ಸಿದ್ಧಪಡಿಸುವವಳು ನೆರಿಸ್. ಹೊರಗೆ ಚೆಂದದ ರಕ್ಷಾಪುಟ, ಒಳಗೆ ಅರ್ಥವಿಲ್ಲದ ಅಕ್ಷರಗಳು. ಕ್ಯಾಮೆರಾ ಓದುವುದಿಲ್ಲವಲ್ಲ.

ಈ ಕಾಮಿಕ್ಸ್‌ನಲ್ಲಿ ಮಾತ್ರ ಅವಳು ತನ್ನದೇ ಕಥೆ ಬರೆದಿದ್ದಳು. ಅದೂ ವೆಲ್ಷ್ ಭಾಷೆಯಲ್ಲಿ. ಜನ ನಕ್ಕಾರೆಂದು ಹೆದರಿ ಅಮ್ಮ ಕಲಿಸದ, ಮೂವತ್ತು ದಾಟಿದ ಮೇಲೆ ಸಂಜೆ ತರಗತಿಯಲ್ಲಿ ಕಲಿತ ಭಾಷೆ.

ಕಥೆಯಲ್ಲೊಂದು ಕೆಂಪು ಬೆಕ್ಕು. ವೆಲ್ಷ್‌ನಲ್ಲಿ ಬೆಕ್ಕು ಸ್ತ್ರೀಲಿಂಗ. ಅದರ ಜೊತೆ ಬರುವ, ಕೆಂಪು ಎಂಬರ್ಥದ ‘ಕೋಖ್’, ನಮ್ಮ ಆದೇಶ ಸಂಧಿಯಲ್ಲಿ ‘ಕ’ ‘ಗ’ ಆಗುವಂತೆ, ‘ಗೋಖ್’ ಆಗಬೇಕು. ನೆರಿಸ್ ‘ಕೋಖ್’ ಎಂದೇ ಬಿಟ್ಟಿದ್ದಳು.

ಕಾಲಯಾತ್ರಿ ಓದಿದ್ದನ್ನೆಲ್ಲ ಪಟ್ಟಿ ಮಾಡಿ ಅಂತರ್ಜಾಲದಲ್ಲಿ ಹಾಕುವ ಎಮ್ಲಿನ್, ಚಿತ್ರ ನಿಲ್ಲಿಸಿ ಆ ತಪ್ಪನ್ನೂ ಅಲ್ಲಿ ಬರೆದಿದ್ದ. ಜನ ನಕ್ಕರು. ನಿರ್ಮಾಪಕ ಗೆರ್ವಿನ್ ಅವಳನ್ನು ಕರೆದು, “ಇನ್ನೊಂದ್ಸಲ ವೆಲ್ಷ್ ಕಾಣಿಸಿದ್ರೆ ನೀನು ಇಲ್ಲಿ ಕಾಣಿಸಲ್ಲ,” ಎಂದಿದ್ದ.

“ತಪ್ಪು ಅಂತ ಬರೆದಿದ್ದು ನಿಜ,” ಎಮ್ಲಿನ್ ಮೆಲ್ಲಗೆ ಹೇಳಿದ. “ಅದರ ಕೆಳಗಿನ ಸಾಲು ಓದಿದ್ರಾ?”

ಅವಳು ಓದಿರಲಿಲ್ಲ. ನಾಚಿಕೆಯಿಂದ ಅಲ್ಲಿಗೇ ಮುಚ್ಚಿಬಿಟ್ಟಿದ್ದಳು.

ಅವನು ಪರದೆಯನ್ನು ಅವಳತ್ತ ತಿರುಗಿಸಿದ. ‘ಇದನ್ನು ಬರೆದವರು ದಯವಿಟ್ಟು ನಿಲ್ಲಿಸಬೇಡಿ. ಬೆಕ್ಕಿಗೆ ಮುಂದೇನಾಯಿತು ಎಂದು ನನಗೆ ತಿಳಿಯಬೇಕು.’

ಯಾರೂ ಓದುವುದಿಲ್ಲವೆಂದು ಬರೆದದ್ದನ್ನು... ಒಬ್ಬ ಓದಿದ್ದಾನೆ!

“ಗುರುವಾರ ಸಂಜೆ ಬನ್ನಿ,” ಎಂದ. “ಸಂಧಿ ಹೇಳಿಕೊಡ್ತೀನಿ.”

“ಫೀಸು?”

“ಬೆಕ್ಕಿನ ಕಥೆ. ಚೌಕಾಸಿ ಇಲ್ಲ.”

ಎಷ್ಟೋ ಗುರುವಾರಗಳು ಕಳೆದವು. ಚಹಾ ಆರುತ್ತಿತ್ತು, ಮಾತು ಆರುತ್ತಿರಲಿಲ್ಲ. ‘ನೀವು’ ಯಾವಾಗ ‘ನೀನು’ ಆಯಿತೋ ಇಬ್ಬರಿಗೂ ಗೊತ್ತಾಗಲಿಲ್ಲ.

ಕಾಮಿಕ್ಸ್‌ನ ಎರಡನೇ ಸಂಚಿಕೆ ಬೇಕೆಂದು ಸ್ಟುಡಿಯೋದಿಂದ ಸೂಚನೆ ಬಂತು. ಒಳಗೆ ಅರ್ಥವಿಲ್ಲದ ಅಕ್ಷರ ಮಾತ್ರ ಎಂದು ಗೆರ್ವಿನ್ ಮತ್ತೆ ಎಚ್ಚರಿಸಿದ.

ಅಮ್ಮ ಹೆದರಿ ನುಂಗಿಕೊಂಡ ಮಾತನ್ನು ನಾನೂ ನುಂಗಬೇಕೆ? ಇಲ್ಲ... ನೆರಿಸ್ ಪುಟ ಪೂರ್ತಿ ವೆಲ್ಷ್‌ನಲ್ಲೇ ಬರೆದಳು.

ಅದು ಪ್ರಸಾರವಾದ ಶನಿವಾರ ಸಂಜೆ ಅವಳು ಎಮ್ಲಿನ್ ಮನೆಯಲ್ಲಿದ್ದಳು. ಕಾಲಯಾತ್ರಿ ಕಾಮಿಕ್ಸ್ ಬಿಡಿಸಿದ. ಅರೆಕ್ಷಣ. ಎಮ್ಲಿನ್ ಚಿತ್ರ ನಿಲ್ಲಿಸಿ, ಮುಂದಕ್ಕೆ ಬಾಗಿ ಓದತೊಡಗಿದ.

ಬೆಕ್ಕು ಹೇಳುತ್ತಿತ್ತು: ‘ಎಮ್ಲಿನ್, ವ ಙ್ಹಾರ್ಯದ್.’

ಒಲವಿಗೆ ಆ ಭಾಷೆಯಲ್ಲಿ ‘ಕಾರ್ಯದ್’. ಅದರ ಹಿಂದೆ ‘ನನ್ನ’ ಎಂಬರ್ಥದ ‘ವ’ ಬಂದರೆ ‘ಕ’ ಕರಗಿ ‘ಙ’ ಆಗುತ್ತದೆ. ನಾವು ವರ್ಣಮಾಲೆಯಲ್ಲಿ ಕಲಿತು ಮರೆಯುವ ಅದೇ ‘ಙ’.

ಅವನು ಆ ಸಾಲಿನ ಮೇಲೆ ಬೆರಳಿಟ್ಟು ಮತ್ತೊಮ್ಮೆ ಓದಿದ. ನೆರಿಸ್ ಅವನತ್ತ ಬಾಗಿದಳು.

“ತಪ್ಪಿದ್ಯಾ?”

“ಇಲ್ಲ...” ಅವನು ಅವಳತ್ತ ತಿರುಗಿದ. “ಒಂದಕ್ಷರವೂ ತಪ್ಪಿಲ್ಲ. ನನಗೆ ಹೇಳೋಕೆ ಧೈರ್ಯ ಇರಲಿಲ್ಲ, ನೆರಿಸ್. ನೀನು ಇಡೀ ದೇಶದ ಮುಂದೆ ಹೇಳಿಬಿಟ್ಟೆ.”

ಅವನ ಫೋನು ಗುನುಗತೊಡಗಿತು. ಪಟ್ಟಿಗಾಗಿ ಕಾಯುವವರು.

“ಬರಿ,” ಅವಳೆಂದಳು.

“ಗೆರ್ವಿನ್ ಓದ್ತಾನೆ. ನಿನ್ನ ಕೆಲಸ?”

“ಹೋದ್ರೆ ಹೋಗಲಿ. ಬರೆದದ್ದಕ್ಕೆ ತಲೆ ತಗ್ಗಿಸಲ್ಲ.”

ಎಮ್ಲಿನ್ ಬರೆದ: ‘ಎರಡನೇ ಸಂಚಿಕೆ. ಒಳಪುಟ ಮಸುಕು, ಓದಲಾಗಲಿಲ್ಲ.’

“ಸುಳ್ಳ!”

“ಹನ್ನೊಂದು ವರ್ಷದಲ್ಲಿ ಪಟ್ಟಿಗೆ ಹಾಕಿದ ಮೊದಲ ಸುಳ್ಳು.”

“ನನ್ನ ಕೆಲಸಕ್ಕೆ ಹೆದರಿದ್ಯಾ?”

“ಅದಕ್ಕಲ್ಲ. ಕಾಲಯಾತ್ರಿ ಓದಿದ್ದೆಲ್ಲ ಊರಿಗೆ ಸೇರಿದ್ದು. ಇದೊಂದು ನನ್ನದು.”

“ಬೇರೆ ಯಾರಾದ್ರೂ ನಿಲ್ಲಿಸಿ ಓದಿದ್ರೆ?”

“ಓದಲಿ. ನನ್ನ ಬಾಯಿಂದ ಮಾತ್ರ ಬರಲ್ಲ.” ಅವನು ಫೋನು ಆರಿಸಿ ಅವಳ ಕೈಯನ್ನು ತನ್ನ ಎರಡೂ ಅಂಗೈಗಳ ನಡುವೆ ಇಟ್ಟುಕೊಂಡ. “ಯಾರಿಗೂ ಹೇಳಲ್ಲ.”